ಮಾವನ ಇಪ್ಪತ್ತೆಂಟರ ಹಠ

ನನ್ನ ಸೋದರಮಾವನ ಮನೆಯ ಜಿರಳೆಗಳಿಗೆ ಕನ್ನಡ ಓದಲು ಬರುತ್ತದೆ. ನಗಬೇಡಿ, ನಿಜ! ಡೊಂಬಿವಲಿ ಪೂರ್ವದ ಆ ಪುಟ್ಟ ಫ್ಲ್ಯಾಟಿಗೆ ಹೋಗಿ, ಗ್ಯಾಸ್ ಒಲೆಯ ಹಿಂದೆ ಬಗ್ಗಿ ನೋಡಿ. ಗೋಡೆಗೆ ಅಂಟಿಸಿದ ರಟ್ಟಿನ ಚೂರಿನ ಮೇಲೆ ಕೆಂಪು ಅಕ್ಷರದಲ್ಲಿ 'ಇಲ್ಲಿ ಪ್ರವೇಶವಿಲ್ಲ!' ಎಂದು ಬರೆದಿದೆ. ಮನುಷ್ಯರಾದವರು ಗ್ಯಾಸ್ ಒಲೆಯ ಹಿಂದೆ ಪ್ರವೇಶಿಸುವುದುಂಟೇ? ಹಾಗಾದರೆ ಅದು ಯಾರಿಗೆ? ಕೇಳಿದರೆ ಮಾವ, "ಯಾರಿಗೆ ಗೊತ್ತಾಗ್ಬೇಕೋ ಅವರಿಗೆ ಗೊತ್ತಾಗ್ತದೆ" ಎನ್ನುತ್ತಾರೆ. ಆ ಮನೆಯಲ್ಲಿ ಜಿರಳೆ ಕಡಿಮೆ ಎಂಬುದೂ ಸುಳ್ಳಲ್ಲ.

ಮಾವ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮ್ಯಾನೇಜರಾಗಿದ್ದವರು. ಅಲ್ಲಿ ಅವರದು ಬೋರ್ಡುಗಳ ರಾಜ್ಯ. 'ಬೇಸಿನ್ನಿನಲ್ಲಿ ತಲೆ ಬಾಚಬೇಡಿ!' 'ಒಂದು ಚಹಾಕ್ಕೆ ಒಂದು ಗಂಟೆ ಕೂರಬೇಡಿ!' 'ಚಟ್ನಿ ಎರಡೇ ಸಲ!' ಎಲ್ಲವೂ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ, ಎಲ್ಲಕ್ಕೂ ಕೊನೆಯಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ. ಆ ಚಿಹ್ನೆಯಿಲ್ಲದಿದ್ದರೆ ಗಿರಾಕಿ ಅದನ್ನು ಬರೀ ಸಲಹೆ ಎಂದುಕೊಳ್ಳುತ್ತಾನೆ ಎಂಬುದು ಅವರ ಸಿದ್ಧಾಂತ. ನಿವೃತ್ತಿಯಾದಾಗ ಹೋಟೆಲಿನವರು ಶಾಲು ಹೊದಿಸಿ ಕಳಿಸಿದರು. ಹೋಟೆಲು ಠಾಣೆಯಲ್ಲೇ ಉಳಿಯಿತು, ಬೋರ್ಡುಗಳು ಮಾತ್ರ ಲೋಕಲ್ ರೈಲು ಹತ್ತಿ ಡೊಂಬಿವಲಿಗೆ ಬಂದವು.

ಮನೆಯ ಬಾಲ್ಕನಿ ಬಾಗಿಲಿನ ಮೇಲೆ ಒಂದರ ಕೆಳಗೊಂದು ಮೂರು ಬೋರ್ಡುಗಳಿವೆ. ಮೊದಲನೆಯದು, 'ಸದಾ ಮುಚ್ಚಿರಲಿ!' ಸೆಕೆಗೆ ತಡೆಯಲಾರದೆ ನನ್ನ ಅತ್ತೆ, ಅಂದರೆ ಮಾವನ ಹೆಂಡತಿ, ಗಲಾಟೆ ಮಾಡಿದ ಮೇಲೆ ಎರಡನೆಯದು ಬಂತು: 'ಬೆಳಿಗ್ಗೆ ತೆರೆದಿಡಿ!' ಹಾಗೆ ತೆರೆದಿಟ್ಟ ಎರಡನೆಯ ದಿನವೇ ಪಾರಿವಾಳವೊಂದು ಒಳಗೆ ಬಂದು, ಕಪಾಟಿನ ಮೇಲೆ ಕೂತು, ಮಾವನ ನಿವೃತ್ತಿಯ ಶಾಲಿಗೆ ತನ್ನ ಕಾಣಿಕೆ ಸಲ್ಲಿಸಿ ಹೋಯಿತು. ಅಂದೇ ಮೂರನೆಯದು: 'ಪಾರಿವಾಳ ಇದ್ದರೆ ಬೇಡ!' ಮೊದಲ ಸಲ ಬಂದವರು ಆ ಬಾಗಿಲಿನ ಮುಂದೆ ಚಿಲಕಕ್ಕೆ ಕೈ ಹಾಕಲೋ ಬೇಡವೋ ಎಂದು ನಿಂತೇ ಬಿಡುತ್ತಾರೆ. ಈ ಬಾಗಿಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಅತ್ತೆಯೋ, ಬೇರೆಯೇ ಜಾತಿಯ ಮನುಷ್ಯರು. ಇಪ್ಪತ್ತು ವರ್ಷ ಪ್ರತಿ ಭಾನುವಾರ ಅದೇ ಮನೆಯ ಹಾಲಿನಲ್ಲಿ ಮಕ್ಕಳಿಗೆ ಬಿಟ್ಟಿಯಾಗಿ ಕನ್ನಡ ಕಲಿಸಿದರು. ಹೋಟೆಲಿನವರ ಮಕ್ಕಳು, ಆಫೀಸಿನವರ ಮಕ್ಕಳು, ಕಲ್ಯಾಣದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ಕಲಬುರಗಿ ಕಡೆಯವರ ಮಕ್ಕಳು, ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಅವರ ನಡುವೆ ನಾನೂ ಒಬ್ಬಳು. ಇಲ್ಲೇ ಹುಟ್ಟಿ ಬೆಳೆದ ನಮಗೆ ಕನ್ನಡ ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಯಾರಾದರೂ, "ಟೀಚರ್, ದಿಖತಾ ನಹೀ!" ಎಂದು ಕೂಗಿದರೆ ಅತ್ತೆ ಸೀಮೆಸುಣ್ಣ ಕೆಳಗಿಡುತ್ತಿದ್ದರು.

"ಕಾಣುವುದಿಲ್ಲ, ಅನ್ನು. ಹಾಗೆ ಹೇಳಿದ್ರೆ ಮಾತ್ರ ದೊಡ್ಡದು ಬರೀತೇನೆ."

"ಕಾಣುವುದಿಲ್ಲ, ಟೀಚರ್."

"ಹಾಂ! ಕಾಣುದಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಎಂತದು? ಹಿಂದೆ ಕೂತವರಿಗೂ ಕಾಣಬೇಕು."

ಆಮೇಲೆ ಬರೆದದ್ದು ಎಷ್ಟು ದೊಡ್ಡದಿರುತ್ತಿತ್ತೆಂದರೆ, ಒಂದು 'ಳ' ಬರೆಯುವಷ್ಟರಲ್ಲಿ ಕರಿಹಲಗೆ ಅರ್ಧ ಮುಗಿಯುತ್ತಿತ್ತು. ನನ್ನ ಕನ್ನಡವೆಲ್ಲ ಆ ಹಲಗೆಯಿಂದಲೇ ಬಂದದ್ದು. ಈಗ ಈ ಪ್ರಬಂಧ ಬರೆಯುತ್ತಿರುವುದೂ ಆ ಬಲದ ಮೇಲೆಯೇ.

ಮುಂದೆ ನಮ್ಮ ಊರಿನ ಕನ್ನಡ ಸಂಘಕ್ಕೊಂದು ವೆಬ್‌ಸೈಟ್ ಬಂತು. ಅದರಲ್ಲಿ ಮಕ್ಕಳ ಪುಟ. ಭಾನುವಾರದ ಮಕ್ಕಳು ಬರೆದ ಕತೆ, ಪದ್ಯ, ಅಜ್ಜಿಮನೆಯ ವರ್ಣನೆಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಅತ್ತೆ ಕಂಪ್ಯೂಟರಿನ ಮುಂದೆ ಕೂತು ಒಂದೊಂದನ್ನೂ ಓದಿ, ಪಕ್ಕದ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ಸಿಲಿನಿಂದ ತಪ್ಪು ಗುರುತು ಹಾಕಿಕೊಂಡು, ಭಾನುವಾರ ಆ ಮಗುವಿನ ಕಿವಿ ಹಿಂಡುತ್ತಿದ್ದರು. ಕಳೆದ ಮಳೆಗಾಲದ ಹೊತ್ತಿಗೆ ಠಾಣೆಯ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದರು. ಕೇಳಿದರೆ, "ಎಂತ ಇಲ್ಲ, ವಯಸ್ಸು" ಎಂದರು. ಅದಾದ ಮೇಲೆ ಒಂದು ದಿನ ಕೆಂಪು ಪೆನ್ಸಿಲನ್ನು ಡ್ರಾಯರಿಗೆ ಹಾಕಿ, "ಇಷ್ಟು ವರ್ಷ ತಿದ್ದಿ ಸಾಕಾಯ್ತು ಮಾರಾಯ್ತಿ. ಇನ್ನು ಬೇರೆಯವರು ನೋಡ್ಲಿ" ಎಂದುಬಿಟ್ಟರು. ಸರಿಯೇ ಅಲ್ಲವೇ, ಎಷ್ಟು ವರ್ಷ ದುಡಿಯುವುದು ಎಂದು ನಾನೂ ಒಪ್ಪಿಕೊಂಡೆ.

ಆ ದಿನಗಳಲ್ಲೇ ಮಾವನಿಗೆ ಹೊಸ ಹುಚ್ಚು ಹಿಡಿಯಿತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ! ಅದೂ ಕೈಬರಹವಲ್ಲ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಸ್ಟೇಷನ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದು. ಒಂದು ಚೀಟಿಯ ಅಕ್ಷರ ಹೆಬ್ಬೆರಳಷ್ಟು, ಇನ್ನೊಂದರದು ಜೀರಿಗೆಯಷ್ಟು. ಒಂದು ಭಾನುವಾರ ನಾನು ಹೋಗಿ, ಚಹಾ ಮಾಡಿ, ಜೀರಿಗೆಯಷ್ಟು ಸಣ್ಣದಾಗಿ 'ಸಕ್ಕರೆ!' ಎಂದಿದ್ದ ಡಬ್ಬಿಯಿಂದ ಎರಡು ಚಮಚ ಹಾಕಿ, ಒಂದು ಗುಟುಕು ಕುಡಿದು ಸಿಂಕಿಗೆ ಉಗಿದೆ. ಉಪ್ಪು! ಪಕ್ಕದಲ್ಲಿ, ಹಿಂದಿನ ವಾರ ಹೆಬ್ಬೆರಳಿನಷ್ಟು ದೊಡ್ಡದಾಗಿ 'ಮೆಣಸು!' ಎಂದಿದ್ದ ಡಬ್ಬಿಯ ಚೀಟಿಯನ್ನು ಯಾರೋ ಕಿತ್ತುಹಾಕಿದ್ದರು.

"ಮಾವ! ಇದೆಂಥ ಬೋರ್ಡು? ಸಕ್ಕರೆ ಅಂತ ಬರೆದು ಉಪ್ಪು ತುಂಬಿಸಿಟ್ಟಿದ್ದೀರಲ್ಲ!"

ಮಾವ ಓಡಿ ಬಂದರು. ನನ್ನ ಬಾಯಿಯ ಗತಿ ಕೇಳಲಿಲ್ಲ. "ಸಕ್ಕರೆ ಚೀಟಿ ಇನ್ನೂ ಉಂಟಾ? ಅತ್ತೆ ಎಂತದೂ ಹೇಳ್ಲಿಲ್ವಾ ಅದಕ್ಕೆ?"

"ಇಲ್ಲ. ಅತ್ತೆಗೆ ಡಬ್ಬಿಯ ಜಾಗ ಗೊತ್ತುಂಟು, ಚೀಟಿ ಯಾಕೆ ನೋಡ್ತಾರೆ?"

"ಮೆಣಸಿನ ಚೀಟಿಗೆ ಬೈದಳು. ಕಿತ್ತು ಬಿಸಾಡಿದಳು" ಎಂದು ಮಾವ ಜೇಬಿನಿಂದ ಪುಟ್ಟ ಡೈರಿ ತೆಗೆದು ಏನೋ ಬರೆದುಕೊಂಡರು. ಮುಖದಲ್ಲಿ ನಗು ಇರಲಿಲ್ಲ. ಪಾಪ, ಅರಳು ಮರಳು ಶುರುವಾಯಿತು ಎಂದುಕೊಂಡು ನಾನು ಹೊಸ ಚಹಾ ಇಟ್ಟೆ. ಈ ಸಲ ನಾಲಗೆಯಿಂದಲೇ ಪರೀಕ್ಷೆ ಮಾಡಿ ಹಾಕಿದೆ!

ಮರುದಿನ ನಾನು ಐರೋಲಿಯ ಆಫೀಸಿಗೆ ಹೋಗುವ ಲೋಕಲಿನಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದಾಗ ಮಾವನ ಫೋನು ಬಂತು.

"ಮಗಾ, ಸಂಘದ ವೆಬ್‌ಸೈಟಿನ ಅಕ್ಷರ ತೀರಾ ಸಣ್ಣ. ನನಗೆ ಕಾಣುದಿಲ್ಲ. ಸೈಜು ಇಪ್ಪತ್ತೆಂಟು ಮಾಡ್ಬೇಕು."

"ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿ ಮಾವ. ದೊಡ್ಡದಾಗ್ತದೆ."

"ಒತ್ತಿದೆ. ಸಾಲು ಪರದೆಯಿಂದ ಹೊರಗೆ ಓಡ್ತದೆ. ಎಳೆದು ಎಳೆದು ಓದ್ಬೇಕು. ಮತ್ತೆ ಅದನ್ನು ಯಾರು ಒತ್ತುದು? ಅಕ್ಷರ ತಾನಾಗಿ ದೊಡ್ಡ ಇರ್ಬೇಕು, ಯಾರೂ ಯಾರನ್ನೂ ಕೇಳುವ ಹಾಗೆ ಇರ್ಬಾರ್ದು."

"ಸರಿ, ಸಂಘದವರು ಅತ್ತೆಗೆ ಕೊಟ್ಟ ಪಾಸ್‌ವರ್ಡ್ ಕೊಡಿ, ಐದು ನಿಮಿಷದಲ್ಲಿ ಮಾಡಿಕೊಡ್ತೇನೆ. ನನ್ನ ಹೊಟ್ಟೆಪಾಡೇ ಅದು."

"ಬೇಡ! ನನಗೆ ಕಲಿಸು. ನಾನೇ ಮಾಡುದು. ವಾರ್ಷಿಕೋತ್ಸವದ ಒಳಗೆ ಆಗ್ಬೇಕು."

"ಇಪ್ಪತ್ತೆಂಟೇ ಯಾಕೆ? ಇಪ್ಪತ್ತು ಸಾಲದಾ?"

"ಇಪ್ಪತ್ತೆಂಟು" ಎಂದು ಫೋನು ಇಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ನಮ್ಮ ಕುಟುಂಬದಲ್ಲಿ ಹಲವರಿದ್ದಾರೆ. ಮಾವ ಮೊಲ ಹಿಡಿಯುವ ಮೊದಲೇ ಕಾಲು ಎಣಿಸಿಟ್ಟುಕೊಳ್ಳುವ ಜಾತಿ!

ಹೀಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮಾವ ಸಿಎಸ್‌ಎಸ್ ಕಲಿಯಲು ಕೂತರು. ಗೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ: ಈ ಅಕ್ಷರ ಇಷ್ಟು ದೊಡ್ಡದಿರಲಿ, ಆ ಬಣ್ಣ ಕೆಂಪಿರಲಿ ಎಂದು ಬ್ರೌಸರಿಗೆ ಕೊಡುವ ನಿಯಮಗಳ ಪಟ್ಟಿಯೇ ಸಿಎಸ್‌ಎಸ್. ಅಂದರೆ ಬೋರ್ಡುಗಳ ಪಟ್ಟಿ! ಮಾವನಿಗೆ ಇದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. "ಇಷ್ಟು ವರ್ಷ ನನ್ನಿಂದ ಅಡಗಿಸಿ ಇಟ್ಟಿದ್ದಲ್ವಾ ಇದನ್ನು!" ಎಂದರು. ಉದ್ದನೆಯ ನೋಟ್‌ಬುಕ್ ತಂದು, ಪ್ರತಿ ನಿಯಮವನ್ನೂ ಮೊದಲು ಅದರಲ್ಲಿ ಬರೆದು, ಮೇಲೆ ಅದು ಯಾಕೆ ಎಂದು ಕೆಂಪು ಶಾಯಿಯಲ್ಲಿ ಒಂದು ಟಿಪ್ಪಣಿ ಹಾಕಿ, ಆಮೇಲೆ ಟೈಪ್ ಮಾಡುತ್ತಿದ್ದರು. ಆ ಟಿಪ್ಪಣಿಯನ್ನೂ ಬಿಡದೆ ಟೈಪಿಸುತ್ತಿದ್ದರು. ಟಿಪ್ಪಣಿಯನ್ನು ಬ್ರೌಸರು ಓದುವುದೇ ಇಲ್ಲ, ಅದು ಮನುಷ್ಯರಿಗೆ ಮಾತ್ರ ಎಂದೆ. "ಮನುಷ್ಯರೂ ಓದ್ಲಿ" ಎಂದರು.

ಮೊದಲ ಯುದ್ಧ ಅಂದೇ ಆಯಿತು. ಮಾವ ಫೈಲಿನ ನೆತ್ತಿಯ ಮೇಲೆ, ದೇವರ ಪಟ ತೂಗುಹಾಕುವ ಜಾಗದಲ್ಲಿ, 'ಎಲ್ಲ ಪ್ಯಾರಾಗಳಿಗೂ ಇಪ್ಪತ್ತೆಂಟು' ಎಂದು ಬರೆದರು. ಪರದೆಯಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಕೆಳಗೆಲ್ಲೋ ಹಳೆಯದೊಂದು ನಿಯಮ 'ಎಲ್ಲ ಪ್ಯಾರಾಗಳಿಗೂ ಹದಿನಾಲ್ಕು' ಎಂದು ಕೂತಿತ್ತು.

"ಎರಡೂ ಸಮ ತೂಕದ ಮಾತು ಮಾವ. ಹಾಗಿದ್ದಾಗ ಕೊನೆಗೆ ಬಂದದ್ದು ಗೆಲ್ತದೆ."

"ಕೊನೆಗೆ ಬಂದವನಾ? ಇದೆಂಥ ನ್ಯಾಯ! ಹೋಟೆಲಿನಲ್ಲಿ ಹೀಗೆ ಮಾಡಿದ್ರೆ ಗಿರಾಕಿ ಟೇಬಲ್ ಎತ್ತಿ ಹೊಡೀತಾನೆ. ಮೊದಲು ಬಂದವನಿಗೆ ಮೊದಲು!"

"ಡೊಂಬಿವಲಿ ಲೋಕಲ್ ನೆನಪು ಮಾಡಿಕೊಳ್ಳಿ. ಕೊನೆಗೆ ಹತ್ತಿದವನು ಬಾಗಿಲಲ್ಲಿ ನಿಲ್ತಾನೆ, ಮೊದಲು ಇಳೀತಾನೆ. ಕಲ್ಯಾಣದಲ್ಲಿ ಹತ್ತಿ ಸೀಟು ಹಿಡಿದವನು ಒಳಗೇ ಜಾಮ್!"

ಮಾವ ಎರಡು ನಿಮಿಷ ಯೋಚಿಸಿ, "ಹೌದು, ಅದು ಉಂಟು" ಎಂದು ತಮ್ಮ ನಿಯಮವನ್ನು ಫೈಲಿನ ಬಾಲಕ್ಕೆ ಸಾಗಿಸಿದರು. ಮುಖಪುಟದ ಅಕ್ಷರಗಳು ಉಬ್ಬಿದವು. ಮಾವ ಎದ್ದು ಕುಣಿಯುವುದೊಂದು ಬಾಕಿ! ಆದರೆ ಮಕ್ಕಳ ಪುಟ ತೆರೆದರೆ ಅಲ್ಲಿ ಅದೇ ಹದಿನಾಲ್ಕು, ಇರುವೆಯ ಮೆರವಣಿಗೆ. ಮಾವನ ಮುಖ ಬಾಡಿತು. "ಅಲ್ಲಿಯೇ ಆಗ್ಬೇಕಾದ್ದು" ಎಂದರು. ಬೇರೆ ಪುಟಗಳು ಹಾಳಾಗಿ ಹೋಗಲಿ ಎಂಬ ಧಾಟಿಯಲ್ಲಿ.

ಹುಡುಕಿದರೆ, ಫೈಲಿನ ಮಧ್ಯದಲ್ಲಿ 'ಮಕ್ಕಳ ಪುಟದ ಒಳಗಿನ ಪ್ಯಾರಾಗಳಿಗೆ ಹದಿನಾಲ್ಕು' ಎಂಬ ಇನ್ನೊಂದು ನಿಯಮ ಸಿಕ್ಕಿತು. "ಇದು ಕೊನೆಗೆ ಬಂದದ್ದಲ್ಲವಲ್ಲ! ಮತ್ತೆ ಯಾಕೆ ಗೆಲ್ತದೆ?" ಎಂದು ಮಾವ ನನ್ನ ಮೇಲೆ ಏರಿ ಬಂದರು, ಸಿಎಸ್‌ಎಸ್ ನಾನೇ ಹೆತ್ತು ಸಾಕಿದ ಮಗು ಎಂಬಂತೆ. ನಾನು ಅವರ ಭುಜ ಹಿಡಿದು ತಿರುಗಿಸಿ ಬಾಲ್ಕನಿ ಬಾಗಿಲು ತೋರಿಸಿದೆ. ನೆನಪಿದೆಯಲ್ಲ?

"ಈ ಮೂರರಲ್ಲಿ ಯಾವುದು ನಡೀತದೆ ಮಾವ?"

"ಪಾರಿವಾಳ ಇದ್ರೆ ಮುಚ್ಚುದು. ಇಲ್ಲದಿದ್ರೆ ಬೆಳಿಗ್ಗೆ ತೆರೆಯುದು. ಬಾಕಿ ಹೊತ್ತು ಮುಚ್ಚುದು. ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?"

"ಯಾಕೆ ಹಾಗೆ? 'ಸದಾ' ಅಂತ ದೊಡ್ಡದಾಗಿ ಬರೆದದ್ದು ಯಾಕೆ ಸೋಲ್ತದೆ?"

"ಅದು ಎಲ್ಲ ಹೊತ್ತಿಗೂ ಹೇಳಿದ ಮಾತು. ಇದು ಈ ಪಾರಿವಾಳಕ್ಕೇ ಅಂತ ಹೇಳಿದ್ದು." ಹೇಳುತ್ತಾ ಹೇಳುತ್ತಾ ಮಾವನ ಬಾಯಿ ತೆರೆದೇ ಉಳಿಯಿತು. ಊರಿಗೆಲ್ಲ ಹೇಳಿದ ಮಾತಿಗಿಂತ ಹೆಸರು ಹಿಡಿದು ಹೇಳಿದ ಮಾತಿಗೆ ತೂಕ ಹೆಚ್ಚು ಎಂಬ ಸಿಎಸ್‌ಎಸ್‌ನ ಅತಿ ದೊಡ್ಡ ತತ್ವವನ್ನು ಅವರು ನಾಲ್ಕು ವರ್ಷದ ಹಿಂದೆಯೇ ಬಾಗಿಲಿಗೆ ಅಂಟಿಸಿದ್ದರು!

ಸಿಎಸ್‌ಎಸ್‌ನಲ್ಲೂ ಅಪ್ಪನ ಗುಣ ಮಕ್ಕಳಿಗೆ ಇಳಿಯುವುದನ್ನು ಹೇಳಿದೆ. ಹೊರಗಿನ ಡಬ್ಬಿಗೆ ಬಣ್ಣ ಕೊಟ್ಟರೆ ಒಳಗಿನ ಅಕ್ಷರಕ್ಕೆ ಅದು ತಾನಾಗಿ ಬರುತ್ತದೆ, ಆದರೆ ಹಾಗೆ ಬಂದದ್ದಕ್ಕೆ ಬಲವಿಲ್ಲ, ಆ ಅಕ್ಷರಕ್ಕೇ ಅಂತ ಯಾರು ಏನು ಹೇಳಿದರೂ ಅಪ್ಪನದು ಬಿಟ್ಟುಹೋಗುತ್ತದೆ ಎಂದೆ. ಮಾವ ತೊಡೆ ತಟ್ಟಿದರು. "ಅದಕ್ಕೇ ನೋಡು, ಇಲ್ಲಿಯ ಮಕ್ಕಳಿಗೆ ಕನ್ನಡ ಅಪ್ಪನಿಂದ ಬರ್ತದೆ, ಗೇಟಿನ ಹೊರಗೆ ಒಬ್ಬ 'ಅರೇ ಯಾರ್' ಅಂದ್ರೆ ಸಾಕು, ಹೋಯ್ತು!" ಅಡುಗೆಮನೆಯಿಂದ ಅತ್ತೆ, "ಅದಕ್ಕೇ ನಾನು ಒಬ್ಬೊಬ್ಬರಿಗೇ ಹೆಸರು ಹಿಡಿದು ಹೇಳ್ತಿದ್ದದ್ದು" ಎಂದರು.

ಇಷ್ಟಕ್ಕೆ ನಿಂತಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ನಿಯಮದ ಕೊನೆಗೆ ಆಶ್ಚರ್ಯಸೂಚಕ ಹಾಕಿ 'ಇಂಪಾರ್ಟೆಂಟ್' ಎಂದು ಬರೆದರೆ ಅದು ಸಾಲು, ತೂಕ ಯಾವುದನ್ನೂ ನೋಡದೆ ಉಳಿದ ಮಾಮೂಲಿ ನಿಯಮಗಳ ತಲೆಯ ಮೇಲೆ ಹೋಗಿ ಕೂರುತ್ತದೆ ಎಂದುಬಿಟ್ಟೆ. ಆಶ್ಚರ್ಯಸೂಚಕ ಚಿಹ್ನೆ! ಜೀವಮಾನವಿಡೀ ಅದನ್ನೇ ನಂಬಿದ ಮನುಷ್ಯನಿಗೆ ಹೀಗೆ ಹೇಳಬಹುದೇ? ವಾರ ಕಳೆದು ನೋಟ್‌ಬುಕ್ ತೆರೆದು ನೋಡಿದರೆ ಪ್ರತಿ ಸಾಲಿಗೂ ಇಂಪಾರ್ಟೆಂಟ್. ಶೀರ್ಷಿಕೆಗೆ, ಮೆನುವಿಗೆ, ಗೆರೆಗೆ, ಗೆರೆಯ ಆಚೆ ಬಿಟ್ಟ ಖಾಲಿ ಜಾಗಕ್ಕೂ ಇಂಪಾರ್ಟೆಂಟ್!

"ಮಾವ, ನೀವೇ ಹೇಳ್ತಿದ್ರಿ. ಹತ್ತು ವೇಟರ್‌ಗಳು ಒಟ್ಟಿಗೆ 'ಅರ್ಜೆಂಟ್' ಅಂತ ಕೂಗಿದ್ರೆ ಒಳಗೆ ಭಟ್ಟರು ಎಂತ ಮಾಡ್ತಾರೆ?"

"ಬೀಡಿ ಹಚ್ಚಿಕೊಂಡು ಕೂರ್ತಾರೆ. ಯಾರದ್ದೂ ಅರ್ಜೆಂಟ್ ಅಲ್ಲ ಅಂತ ಅರ್ಥ."

"ಇಲ್ಲಿಯೂ ಅದೇ."

"ಅದು ಹೋಟೆಲು, ಇದು ಕಂಪ್ಯೂಟರು. ಅದಕ್ಕೆ ಬೀಡಿ ಇಲ್ಲ" ಎಂದು ಮಾವ ಸೋಫಾಕ್ಕೆ ಹೋಗಿ ಒರಗಿದರು. ಅಲ್ಲಿಂದಲೇ ನನ್ನ ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿ, "ನೀನು ಏಳನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟಿದ್ದೀ" ಎಂದರು. ಹೌದು, ಬಿಟ್ಟಿದ್ದೆ! ಅವಮಾನದಲ್ಲಿ ತಿದ್ದಿಕೊಂಡೆನೇ ಹೊರತು, ಹದಿನಾಲ್ಕರ ಅಕ್ಷರ ಕಾಣದ ಕಣ್ಣಿಗೆ ಸೋಫಾದಿಂದ ಸೆಮಿಕೋಲನ್ ಹೇಗೆ ಕಂಡಿತು ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಆ ವಾರವೇ ಡೊಂಬಿವಲಿಯ ಮೇಲ್ಸೇತುವೆಯ ಆ ತುದಿಯಿಂದ ಈ ತುದಿಯ ಇಂಡಿಕೇಟರ್ ಬೋರ್ಡು ಓದಿ, "ಫಾಸ್ಟ್ ಬರ್ತಾ ಉಂಟು, ಓಡು!" ಎಂದು ನನ್ನನ್ನು ಓಡಿಸಿದವರೂ ಅವರೇ. ಆಗಲೂ ಹೊಳೆಯಲಿಲ್ಲ. ಓದಿಸಿದವರಿಗೆ ಕೀರ್ತಿ ತರುವ ಬುದ್ಧಿ ನನ್ನದು!

ವಾರ್ಷಿಕೋತ್ಸವಕ್ಕೆ ಹತ್ತು ದಿನ ಇರುವಾಗ ಮಾವ ತಮ್ಮ ಕೈಚಳಕವನ್ನೆಲ್ಲ ವೆಬ್‌ಸೈಟಿಗೆ ಏರಿಸಿದರು. ಆ ಸಂಜೆಯೇ ಕಮಿಟಿಯ ತುರ್ತು ಸಭೆ. ನನ್ನನ್ನೂ ಸಾಕ್ಷಿಗೆಂದು ಕರೆದುಕೊಂಡು ಹೋದರು. ಸಂಘದ ಹಾಲಿನ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಮುಖಪುಟ ಮೂಡಿತು. ಅಧ್ಯಕ್ಷರ ಫೋಟೋ. ಅದರ ಮೇಲೆ ಅವರ ಬಿರುದಾವಳಿ. ಎಲ್ಲವೂ ಇಂಪಾರ್ಟೆಂಟ್ ಆದ್ದರಿಂದ ಯಾವುದೂ ಯಾವುದಕ್ಕೂ ಜಾಗ ಬಿಟ್ಟಿರಲಿಲ್ಲ. 'ಸಮಾಜಸೇವಾ' ಎಂಬುದು ಅವರ ಹಣೆಯ ಮೇಲೆ, 'ಧುರಂಧರ' ಎಂಬುದು ಮೂಗಿನಿಂದ ಗಲ್ಲದವರೆಗೆ.

ವಿಜಯಪುರ ಕಡೆಯ ಕಾರ್ಯದರ್ಶಿಗಳು ಎದ್ದು ನಿಂತರು. "ಏನ್ರೀ ಯಜಮಾನ್ರ, ಅಧ್ಯಕ್ಷರ ಮಾರೀನ ಕಾಣವಲ್ದಲ್ರೀ!"

"ಮುಖ ಎಲ್ರಿಗೂ ಗೊತ್ತುಂಟು. ಅಕ್ಷರ ಕಾಣ್ತದಲ್ಲ?" ಎಂದರು ಮಾವ.

ನೆರೂಳಿನಲ್ಲಿ ಎರಡು ಹೋಟೆಲುಗಳಿರುವ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ವೆಬ್‌ಸೈಟ್ ಅಂದ್ರೆ ಸ್ವಲ್ಪ ಡೀಸೆಂಟ್ ಇರ್ಬೇಕು ಮಾರಾಯ್ರೆ. ಇದು ರೈಸ್ ಪ್ಲೇಟಿನ ಬೋರ್ಡಿನ ಹಾಗೆ ಉಂಟು. ವಾಶಿಯಲ್ಲಿ ಒಂದು ಪಾರ್ಟಿ ಉಂಟು, ನೀಟಾಗಿ ಮಾಡಿಕೊಡ್ತಾರೆ."

"ಮಾಡ್ಲಿ. ಮೂತಿ ಮೇಲಿನದ್ದು ತೆಗೀರಿ, ಬಣ್ಣ ತೆಗೀರಿ, ನಾನು ಮಾಡಿದ್ದೆಲ್ಲ ತೆಗೀರಿ" ಎಂದರು ಮಾವ. "ಮಕ್ಕಳ ಪುಟದ್ದು ಒಂದು ಇಪ್ಪತ್ತೆಂಟು ಇರ್ಲಿ. ಅದಕ್ಕಿಂತ ಸಣ್ಣದು ನನಗೆ ಕಾಣುದಿಲ್ಲ."

"ಕನ್ನಡಕ ಬದಲಿಸಿ ಯಜಮಾನ್ರೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲಿಗೆ ಹಾಲೇ ನಕ್ಕಿತು. ಚಟ್ನಿಗಾಗಿ ಗಿರಾಕಿಗಳೊಡನೆ ಮೂವತ್ತು ವರ್ಷ ಜಗಳಾಡಿದ ಮಾವ ಒಂದು ಮಾತೂ ಆಡದೆ ಕೂತರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ವಾಶಿಯ ಪಾರ್ಟಿ ಮೂರೇ ದಿನದಲ್ಲಿ ಎಲ್ಲವನ್ನೂ ಬೂದು ಬಣ್ಣದ ಹದಿನಾಲ್ಕಕ್ಕೆ ಇಳಿಸಿ, ಯಾರೂ ಅಲ್ಲಾಡಿಸದ ಹಾಗೆ ಅದಕ್ಕೂ ಒಂದು ಇಂಪಾರ್ಟೆಂಟ್ ಜಡಿದು, ಪಾಸ್‌ವರ್ಡನ್ನೂ ಬದಲಿಸಿಬಿಟ್ಟಿತು.

ಮುಗಿಯಿತು ಎಂದುಕೊಂಡಿರಾ? ಹಾಗಿದ್ದರೆ ನಿಮಗೆ ನನ್ನ ಮಾವ ಇನ್ನೂ ಅರ್ಥವಾಗಿಲ್ಲ. ನಾಲ್ಕು ದಿನ ಕಳೆದು, ನಾನು ಠಾಣೆಯಲ್ಲಿ ಲೋಕಲ್ ಬದಲಿಸಲು ಮೆಟ್ಟಿಲು ಹತ್ತುತ್ತಿದ್ದಾಗ ಫೋನು ಬಂತು.

"ಮಗಾ, ಒಂದು ಡೌಟು. ಬರೆದವನು ದೊಡ್ಡವನಾ, ಓದುವವನು ದೊಡ್ಡವನಾ?"

"ಎಂತ ಮಾವ ಇದು, ತತ್ವಜ್ಞಾನ?"

"ಸಿಎಸ್‌ಎಸ್‌ನಲ್ಲಿ ಮಾರಾಯ್ತಿ! ವೆಬ್‌ಸೈಟ್ ಮಾಡಿದವನ ಮಾತು ಮಾತ್ರ ಉಂಟಾ? ಓದುವವನಿಗೆ ಬಾಯಿಯೇ ಇಲ್ವಾ?"

ನಾನು ಮೆಟ್ಟಿಲಲ್ಲೇ ನಿಂತುಬಿಟ್ಟೆ. ಹಿಂದಿನವರು ಬೈದು ದಾಟಿಹೋದರು. ಉಂಟು. ಓದುಗನೂ ತನ್ನ ಬ್ರೌಸರಿಗೆ ತನ್ನದೇ ಒಂದು ನಿಯಮದ ಫೈಲು ಕೊಡಬಹುದು. ನಮ್ಮ ಆಫೀಸಿನಲ್ಲಿ ಯಾರೂ ಬಳಸದ ಕಾರಣ ನನಗದು ಮರೆತೇ ಹೋಗಿತ್ತು. "ಮಾಮೂಲಿ ನಿಯಮಗಳಲ್ಲಿ ಬರೆದವನ ಮಾತೇ ಮೇಲು ಮಾವ. ಆದರೆ ಇಂಪಾರ್ಟೆಂಟ್ ಬಂದಾಗ ಉಲ್ಟಾ. ಬರೆದವನು ಇಂಪಾರ್ಟೆಂಟ್ ಅಂದರೂ, ಓದುವವನು ಇಂಪಾರ್ಟೆಂಟ್ ಅಂದರೆ ಓದುವವನದ್ದೇ ಗೆಲ್ತದೆ. ಕಣ್ಣು ಅವನದ್ದಲ್ವಾ? ಅದಕ್ಕೇ ಹಾಗೆ ಇಟ್ಟಿದ್ದಾರೆ."

ಮಾವ ಮೆಲ್ಲಗೆ, "ಅದನ್ನು ಮಾಡಿದವನು ಯಾರೋ ಪುಣ್ಯಾತ್ಮ" ಎಂದರು. "ಮೊದಲೇ ಹೇಳ್ಬಾರ್ದಿತ್ತಾ ನೀನು?"

ಮುಂದಿನ ಶನಿವಾರ ಹೋದೆ. ಬಾಗಿಲು ತೆರೆದದ್ದು ಮಾವ. ಹಾಲಿನಲ್ಲಿ ಅತ್ತೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ನೋಟ್‌ಬುಕ್ಕು. ಕೈಯಲ್ಲಿ ಕೆಂಪು ಪೆನ್ಸಿಲು! ಪರದೆಯ ಮೇಲೆ ಮಕ್ಕಳ ಪುಟ, ಬೀದಿಯಾಚೆಯಿಂದಲೂ ಓದಬಹುದಾದಷ್ಟು ದೊಡ್ಡ ಅಕ್ಷರಗಳಲ್ಲಿ.

"ಬಾ ಬಾ! ಈ ಹುಡುಗ ಅಂಬರನಾಥದ ದೇವಸ್ಥಾನದ ಬಗ್ಗೆ ಎರಡು ಪುಟ ಬರೆದಿದ್ದಾನೆ, ದೇವರ ಹೆಸರೇ ಹೇಳ್ಲಿಲ್ಲ! ಭಾನುವಾರ ಬರ್ಲಿ, ಉಂಟು ಅವನಿಗೆ" ಎಂದು ಅತ್ತೆ ತಿರುಗಿದರು. ಆ ಮುಖ ನೋಡಿ ಎಷ್ಟು ತಿಂಗಳಾಗಿತ್ತೋ! "ನೋಡಿದೆಯಾ, ಕೊನೆಗೂ ಕಮಿಟಿಯವರು ನಿನ್ನ ಮಾವನ ಮಾತು ಕೇಳಿದ್ರು. ಪಾಪ, ಇವರಿಗೆ ಓದ್ಲಿಕ್ಕೆ ಎಷ್ಟು ಕಷ್ಟ ಆಗ್ತಿತ್ತು."

ನಾನು ಮೆಲ್ಲಗೆ ಮೊಬೈಲಿನಲ್ಲಿ ಸಂಘದ ವೆಬ್‌ಸೈಟ್ ತೆರೆದೆ. ಬೂದು ಬಣ್ಣದ ಹದಿನಾಲ್ಕು. ಕಮಿಟಿ ಯಾರ ಮಾತನ್ನೂ ಕೇಳಿರಲಿಲ್ಲ. ಮಾವ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಡಾಕ್ಟ್ರು ನನಗೆ ಹೇಳಿದ್ರು" ಎಂದರು ಪಿಸುದನಿಯಲ್ಲಿ. "ಅವಳ ಕಣ್ಣಿನ ಮಧ್ಯ ಮಬ್ಬಾಗಿದೆ. ದೊಡ್ಡದು ಇದ್ರೆ ಓದ್ತಾಳೆ, ಸಣ್ಣದು ಆಗುದಿಲ್ಲ. ಎಷ್ಟು ದೊಡ್ಡದು ಅಂತ ಅವಳನ್ನು ಕೇಳ್ಲಿಕ್ಕೆ ಉಂಟಾ? ಕೇಳಿದ್ರೆ 'ಎಲ್ಲ ಕಾಣ್ತದೆ' ಅಂತಾಳೆ. ಅದಕ್ಕೆ ಡಬ್ಬಿಗೆ ತಪ್ಪು ತಪ್ಪು ಚೀಟಿ ಹಚ್ಚಿದೆ, ಕಂಡ್ರೆ ಬೈತಾಳಲ್ಲ. ಮೂವತ್ತೆರಡರ ಅಕ್ಷರಕ್ಕೆ ಬೈದಳು, ಮೂವತ್ತಕ್ಕೆ ಬೈದಳು, ಇಪ್ಪತ್ತೆಂಟಕ್ಕೂ ಬೈದಳು. ಇಪ್ಪತ್ತಾರಕ್ಕೆ ಬೈಲಿಲ್ಲ."

ನನ್ನ ನಾಲಗೆಯ ಮೇಲೆ ಆ ದಿನದ ಉಪ್ಪು ಮತ್ತೆ ಬಂದಂತಾಯಿತು. ಊರಿನ ಮಕ್ಕಳಿಗೆಲ್ಲ 'ಕಾಣುವುದಿಲ್ಲ' ಎಂದು ಹೇಳಲು ಕಲಿಸಿದ ಅತ್ತೆಗೆ ಅದೊಂದು ಮಾತು ಬಾಯಿಗೆ ಬಂದಿರಲಿಲ್ಲ. ಅವರ ಪರವಾಗಿ ಮಾವ ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ನಗೆಪಾಟಲಾಗಿ ಕೂತಿದ್ದರು.

ಮಾವ ಅಕ್ಕಿ ಡಬ್ಬಿಯ ಹಿಂದಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು, "ಸರಿ ಉಂಟಾ ನೋಡು, ಈ ಮನೆಯ ಕಂಪ್ಯೂಟರಿಗೆ ಮಾತ್ರ ಹಾಕಿದ್ದು" ಎಂದು ಕೊನೆಯ ಪುಟ ತೆರೆದರು. ಇಡೀ ಪುಟದಲ್ಲಿ ಒಂದೇ ನಿಯಮ. ಇಪ್ಪತ್ತೆಂಟು. ಒಂದೇ ಒಂದು ಇಂಪಾರ್ಟೆಂಟ್. ಅದರ ಮೇಲೆ, ಬ್ರೌಸರು ಓದದ ಟಿಪ್ಪಣಿಯ ಜಾಗದಲ್ಲಿ, ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಹಿಂದೆ ಕೂತವರಿಗೂ ಕಾಣಬೇಕು.'

ನನಗೆ ಕಣ್ಣು ಮಂಜಾಗಿ ಸೆಮಿಕೋಲನ್ ಉಂಟೋ ಇಲ್ಲವೋ ನೋಡಲಾಗಲಿಲ್ಲ. "ಕಮಿಟಿ ಕೇಳ್ಲಿಲ್ಲ, ಇದು ನೀವು ಮಾಡಿದ್ದು ಅಂತ ಅತ್ತೆಗೆ ಹೇಳುವುದಿಲ್ವಾ ಮಾವ?" ಎಂದೆ.

ಹಾಲಿನಿಂದ ಅತ್ತೆ ಆ ಹುಡುಗನ ದೇವಸ್ಥಾನವನ್ನು ಗಟ್ಟಿಯಾಗಿ ಓದುತ್ತಿದ್ದರು. ಮಾವ ಒಂದು ಗಳಿಗೆ ಕೇಳಿಸಿಕೊಂಡರು.

"ಎಂತ ಹೇಳ್ಲಿಕ್ಕೆ ಉಂಟು? ಅವಳಿಗೆ ಕಾಣ್ತದಲ್ಲ" ಎಂದು ನೋಟ್‌ಬುಕ್ಕನ್ನು ಮತ್ತೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟರು.